ವಲ್ಕೌಲ್ ಎಲ್ಲಿ ಒಡೆಯುತ್ತದೆ

೧೯೮೨ರ ಬೇಸಿಗೆಯಲ್ಲಿ ನಾನು ಕೊಲ್ಲಿಯ ಸಿತ್ರಾ ದ್ವೀಪದಲ್ಲಿ ಒಂದು ಡಚ್ ಕಂಪೆನಿಯ ಟೈಪಿಸ್ಟ್. ಸಮುದ್ರದ ತಳದ ಮರಳೆತ್ತಿ ಹೊಸ ನೆಲ ಮಾಡುವ ಕಂಪೆನಿ ಅದು. ಎಷ್ಟು ಪುಟ ಟೈಪಿಸಿದೆ, ಎಷ್ಟು ಡಚ್ ಪದ ಕಲಿತೆ ಎಂದು ದಿನವೂ ತಾರೀಖು ಹಾಕಿ ಬರೆದಿಡುತ್ತಿದ್ದೆ. ಡಚ್ಚರು ಎರಡು ಮೂರು ಪದಗಳನ್ನು ಜಾಗ ಬಿಡದೆ ಅಂಟಿಸಿ ಒಂದು ಮಾಡುತ್ತಾರೆ. ಸಾಲು ಮುಗಿಯುವಲ್ಲಿ ಅದನ್ನು ಎಲ್ಲಿ ಮುರಿಯುವುದು ಎಂಬುದೇ ನನ್ನ ತಲೆನೋವು. ಕನ್ನಡದಲ್ಲಿ ಬರೆದುಕೊಂಡರೆ ಒತ್ತಕ್ಷರ ಬಂದು ಪದ ಪದ ಸೇರಿದ ಬೆಸುಗೆಯೇ ಮಾಯವಾಗುತ್ತಿತ್ತು. "ನೀನು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೀ. ಮೊದಲ ತುಂಡನ್ನು ಒತ್ತು, ಆಮೇಲೆ ಮುಂದೆ ಹೋಗು," ಎಂದು ಡಚ್ ಫೋರ್ಮನ್ ನಗುತ್ತಿದ್ದ.

ಒಂದು ಮಧ್ಯಾಹ್ನ ನಕ್ಷೆಗಳನ್ನು ಮರಳು ಹಾಯಿಸುವ ಪಂಪಿನ ಹತ್ತಿರ ತಲುಪಿಸಲು ಹೊರಟೆ. ಪಿಕಪ್ ಓಡಿಸುತ್ತಿದ್ದವರು ಹೂರಾದಲ್ಲಿ ನನ್ನ ಕೋಣೆಯಲ್ಲೇ ಇದ್ದ ಉಳ್ಳಾಲದ ಅಣ್ಣ. ಧೂಳುಗಾಳಿ ಎದ್ದು ಬಿಸಿಲು ಹಳದಿಯಾಗಿತ್ತು. ಹೊಸ ಮರಳಿನ ಮೇಲೆ ಒಂದು ಹಲಗೆ ಎದುರಾಯಿತು. ಮೇಲಿನ ಸಾಲಿನಲ್ಲಿ VALK, ಕೆಳಗೆ UIL. ಹಲಗೆ ಸಾಲದೆ ನಮ್ಮ ಪೇಂಟರ್ ತನಗೆ ತೋಚಿದಲ್ಲಿ ಪದ ಮುರಿದಿದ್ದ.

"ಎಂತ ಬರ್ದದ್ದು ಮಾರಾಯ?"

ಕಿಸೆಯ ನಿಘಂಟು ತೆರೆದೆ. "ವಲ್ಕ್ ಅಂದ್ರೆ ಗಿಡುಗ. ಔಲ್ ಅಂದ್ರೆ ಗೂಬೆ."

"ಗಿಡುಗವೋ ಗೂಬೆಯೋ, ಒಂದು ಹೇಳು."

"ಎರಡೂ ಸೇರಿದ ಯಾವುದೋ ಹಕ್ಕಿ ಇರ್ಬೇಕು ಅಣ್ಣ."

"ನಮ್ಮ ರೂಮಿಗೆ ಒಂದು ಫ್ಯಾನ್ ಹಾಕ್ಲಿಕ್ಕೆ ಆಗುದಿಲ್ಲ, ಗೂಬೆಯ ಗೂಡಿಗೆ ಬೋರ್ಡು! ಕೂತ್ಕೊ, ಮುಂದೆ ದಾರಿ ಉಂಟಾ ನೋಡಿ ಬರ್ತೇನೆ."

ಇಳಿದು ನಡೆದರು. ಧೂಳು ಅವರನ್ನು ಮುಚ್ಚಿತು.

ತಡವಾಗುತ್ತದೆ ಎಂದು ಫೋರ್ಮನ್ನನಿಗೆ ವಾಕಿಟಾಕಿಯಲ್ಲಿ ಹೇಳಿದೆ. ಎಲ್ಲಿದ್ದೀರಿ ಎಂದ. "ವಲ್ಕೌಲ್ ಹಲಗೆಯ ಹತ್ತಿರ," ಎಂದೆ, ಎಲ್ಲ ಅಕ್ಷರಕ್ಕೂ ಒಂದೇ ತೂಕ. ಅವನಿಗೆ ಅರ್ಥವಾಗಲಿಲ್ಲ. ಅಕ್ಷರ ಬಿಡಿಸಿ ಹೇಳಿದಾಗ ಕಿರುಚಿದ: "ವಲ್!" ನಡುವೆ ಒಂದು ಉಸಿರು. "ಕೌಲ್!"

ಕಕಾರ ಎರಡನೆಯ ತುಂಡಿನದು. ವಲ್ ಎಂದರೆ ಬೀಳು. ಕೌಲ್ ಎಂದರೆ ಗುಂಡಿ.

"ಅಣ್ಣಾ, ನಿಲ್ಲಿ! ಮುಂದೆ ಹೋಗ್ಬೇಡಿ!"

ಅವರ ಸ್ವರ ಬಂತು, ನಾನು ಅಂದುಕೊಂಡದ್ದಕ್ಕಿಂತ ತಗ್ಗಿನಿಂದ. "ಕಾಲು ಒಳಗೆ ಹೋಗ್ತಾ ಉಂಟು. ಮೇಲೆ ಮಾತ್ರ ಒಣ ಮರಳು."

"ಬಂದ ಹೆಜ್ಜೆಯಲ್ಲೇ ವಾಪಸ್ ಬನ್ನಿ!"

"ಹೆಜ್ಜೆ ಎಲ್ಲ ಮುಚ್ಚಿ ಹೋಗಿದೆ. ಮಲಗಿ ತೆವಳ್ತೇನೆ. ನೀನು ಮಾತಾಡ್ತಾ ಇರು, ಸ್ವರ ಹಿಡ್ಕೊಂಡು ಬರ್ತೇನೆ. ಎಂತಾದ್ರೂ ಹೇಳು!"

ಹಲಗೆಯ ಬುಡದವರೆಗೆ ಓಡಿ ನಿಂತೆ. ಬಾಯಿಗೆ ಬೇರೇನೂ ಬರಲಿಲ್ಲ. "ವಲ್," ಎಂದು ಒತ್ತಿ ಕೂಗಿದೆ. ಉಸಿರೆಳೆದು, "ಕೌಲ್." ಮತ್ತೆ, ಮತ್ತೆ. ಕೊನೆಗೆ ಧೂಳಿನ ಅಂಚಿನಲ್ಲಿ ಒಂದು ಕೈ ಕಂಡಿತು. ಮಣಿಕಟ್ಟು ಹಿಡಿದು ಎಳೆದೆ. ಸೊಂಟದವರೆಗೆ ಒದ್ದೆ, ಚಪ್ಪಲಿ ಇರಲಿಲ್ಲ. ನಾನು ಬಾಯಿ ಮುಚ್ಚಿದೆ.

ಧೂಳಿನ ಒಳಗೆ, ಗುಂಡಿಯ ಕಡೆಯಿಂದ ಪದ ಇನ್ನೊಮ್ಮೆ ಕೇಳಿಸಿತು. ಒತ್ತಿಲ್ಲ, ನಡುವೆ ಉಸಿರಿಲ್ಲ, ಎಲ್ಲ ಅಕ್ಷರಕ್ಕೂ ಒಂದೇ ತೂಕ.

ವಾಕಿಟಾಕಿ ಪಿಕಪ್ಪಿನ ಸೀಟಿನ ಮೇಲಿತ್ತು. ಮಾರ್ದನಿ ಬರಲು ಆ ಬಯಲಲ್ಲಿ ಒಂದು ಗೋಡೆಯೂ ಇರಲಿಲ್ಲ.

"ಈಗ ನೀನಾ ಹೇಳಿದ್ದು?" ಅಣ್ಣ ಪಿಸುಗುಟ್ಟಿದರು.

"ಅಲ್ಲ."

"ಹಾಗಾದ್ರೆ ಉತ್ತರ ಕೊಡ್ಬೇಡ," ಎಂದರು. ನನ್ನ ಕೈ ಬಿಡದೆ, ಬೆನ್ನು ತಿರುಗಿಸದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟರು.