ಬಂಗುಡೆ ಎಂಬ ನಾಯಿ, ಕ್ಲಾರೆನ್ಸ್ ಎಂಬ ಅಡುಗೆಯವ

ಕ್ಲಾರೆನ್ಸ್ ಕ್ಯಾಸ್ಟೆಲಿನೊ ಆಸ್ಟ್ರೇಲಿಯಾದ ಸೇನೆಯಲ್ಲಿದ್ದ ಎಂದರೆ ಜನ ಮೊದಲು ಅವನ ಭುಜ ನೋಡುತ್ತಾರೆ. ಅಲ್ಲಿ ಅಡುಗೆಯವನಾಗಿದ್ದ ಎಂದರೆ ಹೊಟ್ಟೆ ನೋಡುತ್ತಾರೆ. ಸಿಡ್ನಿಯಲ್ಲಿದ್ದಾಗ ಒಂದು ಭಾನುವಾರ, ಪೂಜೆ ಮುಗಿದು ಎಲ್ಲರೂ ಚರ್ಚ್ ಅಂಗಳದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದಾಗ ಊರ ಕಡೆಯವರೇ ಆದ ಲ್ಯಾನ್ಸ್‌ಲೊಟ್ ಅಂಕಲ್ ಕೇಳಿಯೇಬಿಟ್ಟಿದ್ದರು: "ಅಲ್ಲ ಮಾರಾಯ, ಮಿಲಿಟರಿಗೆ ಹೋಗಿ ಸೌಟು ಹಿಡಿದದ್ದಾ ನೀನು?"

ಕ್ಲಾರೆನ್ಸ್ ನಕ್ಕಿದ್ದ. ಸೇನೆಯಲ್ಲಿ ಅಡುಗೆಯವನೂ ಮೊದಲು ಸೈನಿಕನೇ, ಬಂದೂಕು ಹಿಡಿದೇ ಸೌಟಿಗೆ ಬಂದವನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಂಕಲ್ ಹೇಳಿದ್ದೇ ಸರಿ ಎಂದು ಅವನಿಗೂ ಒಳಗೊಳಗೆ ಅನಿಸಿತ್ತು.

ಕಿನ್ನಿಗೋಳಿಯಿಂದ ಅವನು ಸಿಡ್ನಿಗೆ ಬಂದದ್ದು ಅಡುಗೆ ಕೋರ್ಸಿಗೆ. ಅಡುಗೆ ಕಲಿತರೆ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ, ಸಿಗುತ್ತದೆಂದು ಹುಡುಗರು ಗುಂಪುಗುಂಪಾಗಿ ಬರುತ್ತಿದ್ದ ಕಾಲ ಅದು. ಪಿಆರ್ ಸಿಕ್ಕ ಮೇಲೂ ಒಲೆಯ ಹತ್ತಿರ ಉಳಿದವರು ಕಡಿಮೆ. ಕ್ಲಾರೆನ್ಸ್ ಉಳಿದ, ಯಾಕೆಂದರೆ ಅವನಿಗೆ ಆ ಕೆಲಸ ನಿಜಕ್ಕೂ ಇಷ್ಟವಾಗಿತ್ತು. ದೊಡ್ಡ ಹಂಡೆಗಳು, ಹಸಿದ ಜನ, ಬೆಳಗಿನ ಗಡಿಬಿಡಿ ಎಲ್ಲವೂ ಅವನಿಗೆ ಬೇಕು. ಪೌರತ್ವ ಸಿಕ್ಕ ವರ್ಷವೇ ಸೇನೆಗೆ ಸೇರಿದ. ಕೆಲವು ವರ್ಷಗಳಲ್ಲಿ ಅಫ್ಘಾನಿಸ್ತಾನದ ಒಂದು ನೆಲೆಯಲ್ಲಿ, ಟೆಂಟಿನೊಳಗಿನ ಅಡುಗೆಮನೆಯಲ್ಲಿ ನಿಂತಿದ್ದ.

ಅಲ್ಲಿ ಆದದ್ದನ್ನು ಹೇಳಲು ಹೊರಟರೆ ಏನೂ ಆಗಲಿಲ್ಲ ಎನ್ನಬೇಕು. ಒಂದು ಬೆಳಿಗ್ಗೆ ಗಸ್ತಿಗೆ ಹೊರಟ ಹುಡುಗರು ಬೇಗ ತಿಂಡಿಗೆ ಬಂದರು. ಅವರಲ್ಲೊಬ್ಬ, ಮುಖದ ತುಂಬ ಚುಕ್ಕೆಗಳಿದ್ದವನು, "ಪ್ಯಾನ್‌ಕೇಕ್ ಎರಡು ಎತ್ತಿಡು, ಬಂದು ತಿನ್ನುತ್ತೇನೆ" ಎಂದ. ಕ್ಲಾರೆನ್ಸ್ ಎತ್ತಿಟ್ಟ. ಹುಡುಗ ಬರಲಿಲ್ಲ. ಅವನ ಜೊತೆ ಹೋದವರಲ್ಲಿ ಇನ್ನೊಬ್ಬನೂ ಬರಲಿಲ್ಲ. ಬಾಂಬು ಸಿಡಿದ ಸದ್ದು ಕೂಡ ಇವನಿಗೆ ಕೇಳಿಸಿರಲಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಉಳಿದವರು ತಟ್ಟೆ ಹಿಡಿದು ಸಾಲಾಗಿ ನಿಂತರು, ಇವನು ಬಡಿಸಿದ. ಸಿಡ್ನಿಗೆ ಮರಳುವ ತನಕ ಬಡಿಸುತ್ತಲೇ ಇದ್ದ.

ಸೇನೆ ಬಿಟ್ಟು ಚಾಟ್ಸ್‌ವುಡ್‌ನ ಒಂದು ಆಫೀಸಿನ ಕ್ಯಾಂಟೀನಿಗೆ ಸೇರಿದ ಮೇಲೆ ಒಳಗೆ ಉಳಿದದ್ದು ಹೊರಗೆ ಬಂತು. ಟೈ ಕಟ್ಟಿದ, ಐಡಿ ಕಾರ್ಡ್ ತೂಗುಹಾಕಿಕೊಂಡ ಹುಡುಗ ಹುಡುಗಿಯರು ಬೆಳಿಗ್ಗೆ ಟ್ರೇ ಹಿಡಿದು ಸಾಲು ನಿಲ್ಲುವುದನ್ನು ನೋಡಿದರೆ ಅವನ ಕೈ ತಣ್ಣಗಾಗುತ್ತಿತ್ತು. ಒಂದು ದಿನ ಸೌಟು ಪಾತ್ರೆಯೊಳಗೇ ನಿಂತಿತು. ಎದುರಿಗಿದ್ದವಳು ಏನೋ ಕೇಳುತ್ತಿದ್ದಳು, ಅವಳ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಏಪ್ರನ್ ಬಿಚ್ಚಿ ಹೊರಗೆ ಹೋದವನು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಮನೆಯಲ್ಲೂ ಒಲೆ ಹಚ್ಚುವುದನ್ನು ಬಿಟ್ಟ. ಹೆಂಡತಿ ವಿನಿಷಾ ಆಸ್ಪತ್ರೆಯಲ್ಲಿ ನರ್ಸ್. ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿ ಅವರಿಬ್ಬರೇ. ಬೆಂಗಳೂರಿನಲ್ಲಿ ಬೆಳೆದ ಅವಳ ಕೊಂಕಣಿಗೆ ಅತ್ತೆಮನೆಯವರು ನಗುತ್ತಿದ್ದರೆಂದು ಗಂಡನ ಜೊತೆ ಮಾತಾಡುವುದು ಕನ್ನಡದಲ್ಲೇ. ಶಿಫ್ಟ್ ಮುಗಿಸಿ ಬಂದು ಅವಳೇ ಅನ್ನಕ್ಕಿಡುತ್ತಿದ್ದಳು. ಗಂಡ ಬಾಲ್ಕನಿಯ ಕುರ್ಚಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಅಂಗಡಿಗೂ ಚರ್ಚಿಗೂ ಹೋಗುವುದು ನಿಂತಿತು.

"ನೀನು ಡಾಕ್ಟರ್ ಹತ್ರ ಹೋಗ್ಬೇಕು ಕ್ಲಾರಿ" ಎಂದಳು ಅವಳು, ಒಂದು ದಿನವಲ್ಲ, ಬಹಳ ದಿನ.

"ಹೋಗಿ ಎಂಥ ಹೇಳುದು? ದೋಸೆ ಮಗುಚುವಾಗ ಪೆಟ್ಟಾಯ್ತು ಅಂತವಾ?"

"ಅದನ್ನೇ ಹೇಳು. ಬುಕ್ ಮಾಡಿದ್ದೀನಿ, ನಾನೂ ಬರ್ತೀನಿ."

ಡಾಕ್ಟರು ಮಾತ್ರೆ ಬರೆದರು, ಕೌನ್ಸೆಲರ್ ಹತ್ತಿರ ಕಳಿಸಿದರು. ಆ ಕೌನ್ಸೆಲರ್ ಮೂಲಕವೇ ಶನಿವಾರದ ಗುಂಪಿನ ವಿಷಯ ತಿಳಿದದ್ದು. ಪ್ಯಾರಮಾಟದ ಒಂದು ಪಾರ್ಕಿನಲ್ಲಿ ಮಾಜಿ ಸೈನಿಕರು ಸೇರಿ, ಮನಸ್ಸು ಕೆಟ್ಟಾಗ ನೆರವಿಗೆ ಬರುವಂತೆ ತಮ್ಮ ತಮ್ಮ ನಾಯಿಗಳನ್ನು ತಾವೇ ಪಳಗಿಸುತ್ತಿದ್ದರು. ಕಲಿಸುವವಳು ಟ್ರೇಸಿ, ಸೇನೆಯಲ್ಲಿ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವಳು. ಮೊದಲ ದಿನವೇ ಅವಳು ಸ್ಪಷ್ಟವಾಗಿ ಹೇಳಿದಳು: "ನಾನು ಯಾರ ನಾಯಿಯನ್ನೂ ತಯಾರುಮಾಡಿ ಕೊಡುವುದಿಲ್ಲ. ನಿಮಗೆ ಕಲಿಸುತ್ತೇನೆ. ನಾಯಿಗೆ ನೀವು ಕಲಿಸಬೇಕು."

ಸುತ್ತ ಕೂತವರೆಲ್ಲ ತಮ್ಮ ತಮ್ಮ ಪರಿಚಯ ಹೇಳಿಕೊಂಡರು. ಕ್ಲಾರೆನ್ಸ್ ಸರದಿ ಬಂದಾಗ, "ನಾನು ಅಡುಗೆಯವನಾಗಿದ್ದೆ. ಇಲ್ಲಿ ಕೂರಬಹುದೋ ಇಲ್ಲವೋ ಗೊತ್ತಿಲ್ಲ" ಎಂದ.

ಪಕ್ಕದಲ್ಲಿ ಬ್ರೂಸ್ ಎಂಬ ಮುದುಕ ಕೂತಿದ್ದ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು. ಕಾಲ ಬಳಿ ಒಕ್ಕಣ್ಣಿನ ಟೆರಿಯರ್ ನಾಯಿ. ಅವನು ತಲೆಯೆತ್ತದೆ ಹೇಳಿದ: "ನಮ್ಮ ಮೇಜರ್ ಹೆಸರು ನನಗೆ ಮರೆತುಹೋಗಿದೆ. ಅಡುಗೆಯವನ ಹೆಸರು ಡೆನಿಸ್."

ಕ್ಲಾರೆನ್ಸ್ ಅಲ್ಲೇ ಕೂತ.

ಅವನಿಗೆ ಸಿಕ್ಕಿದ್ದು ನಾಯಿ ರೇಸಿನಿಂದ ನಿವೃತ್ತಿಯಾದ ಒಂದು ಗ್ರೇಹೌಂಡ್ ಹೆಣ್ಣುನಾಯಿ. ಉದ್ದ ಕಾಲು, ಒಳಗೆ ಸೇದಿಕೊಂಡ ಹೊಟ್ಟೆ, ನೀಲಿ ಬೂದು ಬೆನ್ನು, ಕೆಳಗೆ ಬೆಳ್ಳಿಯ ಹಾಗೆ ಹೊಳಪು. ವಿನಿಷಾ ಬಾಗಿಲು ತೆರೆದು ನೋಡಿ, "ಇದು ನಾಯಿಯಲ್ಲ, ಬಂಗುಡೆ ಮೀನು" ಎಂದಳು. ಅದೇ ಹೆಸರು ನಿಂತಿತು.

ಬಂಗುಡೆಗೆ ಓಡುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮೆಟ್ಟಿಲು ನೋಡಿದರೆ ನಡುಗುತ್ತಿತ್ತು. ಗಾಜಿನ ಬಾಗಿಲಿಗೆ ಮೂಗು ಗುದ್ದಿಕೊಂಡಿತು. ಲಿಫ್ಟಿನೊಳಗೆ ನಾಲ್ಕೂ ಕಾಲು ನೆಲಕ್ಕೆ ಅಂಟಿಸಿ ನಿಂತಿತು. ಉಳಿದ ನಾಯಿಗಳೆಲ್ಲ 'ಸಿಟ್' ಎಂದರೆ ಕೂರುತ್ತಿದ್ದವು, ಇದು ಮುಖ ನೋಡುತ್ತಿತ್ತು. ಈ ಜಾತಿಯ ನಾಯಿಗೆ ಕೂರುವುದು ಕಷ್ಟ, ತೊಡೆ ಹಾಗಿರುತ್ತದೆ, ಬಿಟ್ಟುಬಿಡು ಎಂದಳು ಟ್ರೇಸಿ. ಮಲಗಲಿ, ಇಲ್ಲವೇ ನಿಲ್ಲಲಿ.

ಕಲಿಸಬೇಕಾದರೆ ತಿನಿಸು ಬೇಕು. ಅಂಗಡಿಯ ಪ್ಯಾಕೆಟ್ಟಿನ ತಿನಿಸು ತಿಂದು ಬಂಗುಡೆಯ ಹೊಟ್ಟೆ ಕೆಟ್ಟಿತು. ಬ್ರ್ಯಾಂಡ್ ಬದಲಿಸಿದರೂ ಅದೇ ಕಥೆ. "ನೀನು ಅಡುಗೆಯವನಲ್ಲವೇ?" ಎಂದಷ್ಟೇ ಕೇಳಿದಳು ಟ್ರೇಸಿ.

ಒಂದು ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ಬಂದ ವಿನಿಷಾ ಬಾಗಿಲಲ್ಲೇ ನಿಂತಳು. ಮನೆಯೆಲ್ಲ ಬೆಂದ ಕೋಳಿ ಲಿವರಿನ ವಾಸನೆ. ಕ್ಲಾರೆನ್ಸ್ ಒಲೆಯ ಮುಂದೆ ನಿಂತು, ಬೇಯಿಸಿದ ತುಂಡುಗಳನ್ನು ಉಗುರಿನಷ್ಟಗಲ ಕತ್ತರಿಸಿ ಓವನ್‌ ಟ್ರೇಯಲ್ಲಿ ಹರಡುತ್ತಿದ್ದ. ಎಷ್ಟೋ ತಿಂಗಳ ಮೇಲೆ ಅವನ ಕೈಯಲ್ಲಿ ಚಾಕು.

"ಏನ್ ಮಾಡ್ತಿದ್ದೀಯಾ?"

"ಇವಳಿಗೆ. ಉಪ್ಪು ಹಾಕ್ಲಿಲ್ಲ, ನಾಯಿಗೆ ಆಗುದಿಲ್ಲ."

ವಿನಿಷಾ ಬ್ಯಾಗು ಕೆಳಗಿಟ್ಟು, ಒಂದು ತಟ್ಟೆಗೆ ನಾಲ್ಕು ತುಂಡು ಹಾಕಿಕೊಂಡಳು. ಉಪ್ಪು, ಮೆಣಸಿನ ಪುಡಿ ಉದುರಿಸಿ ನಿಂತೇ ತಿಂದಳು. ಗಂಡನಿಗೆ ಬೆನ್ನು ಹಾಕಿ ತಿಂದಳು, ಯಾಕೆಂದರೆ ಕಣ್ಣು ತುಂಬಿತ್ತು.

ಅಂದಿನಿಂದ ಪಾಠ ನಡೆಯಿತು. ಮನಸ್ಸು ಕೆಡುವ ಮೊದಲು ಕ್ಲಾರೆನ್ಸನ ಬಲಗೈ ತಾನಾಗಿಯೇ ಪ್ಯಾಂಟಿನ ಬದಿಯನ್ನು ಒರೆಸತೊಡಗುತ್ತದೆ. ಅವನಿಗೇ ಅದು ಗೊತ್ತಿರಲಿಲ್ಲ, ಟ್ರೇಸಿ ಗಮನಿಸಿ ಹೇಳಿದಳು. ಕೈ ಒರೆಸುವುದನ್ನು ಬೇಕೆಂದೇ ಮಾಡಿ ತೋರಿಸುವುದು, ಬಂಗುಡೆ ಹತ್ತಿರ ಬಂದರೆ ಲಿವರ್ ತುಂಡು. ತೊಡೆಗೆ ಮೈ ಒತ್ತಿ ನಿಂತರೆ ಇನ್ನೊಂದು. ಗ್ರೇಹೌಂಡ್ ಮೂಗಿಗಿಂತ ಕಣ್ಣನ್ನು ನಂಬುವ ನಾಯಿ. ದಿನ ಕಳೆದಂತೆ ಅವನ ಕೈ ನಿಜವಾಗಿ ಅಲ್ಲಾಡಿದಾಗಲೂ ಬಂದು ನಿಲ್ಲತೊಡಗಿತು, ಕೆಲವೊಮ್ಮೆ ಅವನು ಅರಿಯುವ ಮೊದಲೇ.

ಆದರೂ ಮೊದಲ ಪರೀಕ್ಷೆಯಲ್ಲಿ ಫೇಲಾದರು. ಜನರ ನಡುವೆ ನಾಯಿ ಹೇಗಿರುತ್ತದೆಂದು ನೋಡಲು ಚಾಟ್ಸ್‌ವುಡ್‌ನ ಅಂಗಡಿ ಬೀದಿಯಲ್ಲಿ ನಡೆಸಿದ ಪರೀಕ್ಷೆ ಅದು. ಎಲ್ಲ ಸರಿಯಾಗಿಯೇ ಸಾಗಿತ್ತು. ಕಸದ ತೊಟ್ಟಿಯಿಂದ ಚಿಪ್ಸ್ ಎಳೆಯುತ್ತಿದ್ದ, ಉದ್ದ ಬಾಗಿದ ಕೊಕ್ಕಿನ ಐಬಿಸ್ ಹಕ್ಕಿಯೊಂದು ಬಂಗುಡೆಯ ಕಣ್ಣಿಗೆ ಬಿತ್ತು. ಮರುಕ್ಷಣ ಕ್ಲಾರೆನ್ಸ್ ನೆಲದ ಮೇಲಿದ್ದ, ಮೊಣಕಾಲು ತರಚಿತ್ತು, ಯಾರದೋ ಕಾಫಿ ಚೆಲ್ಲಿತ್ತು. ಹಕ್ಕಿ ಚಿಪ್ಸ್ ಸಮೇತ ಹಾರಿಹೋಗಿತ್ತು.

ಬೇರೆ ನಾಯಿ ಬೇಕಾದರೆ ಹುಡುಕೋಣ ಎಂದಳು ಟ್ರೇಸಿ. ತಪ್ಪು ಮಾತೇನಲ್ಲ, ಎಲ್ಲ ನಾಯಿಗೂ ಈ ಕೆಲಸ ಒಗ್ಗುವುದಿಲ್ಲ. ಕ್ಲಾರೆನ್ಸ್ ಅಡ್ಡಡ್ಡ ತಲೆಯಾಡಿಸಿದ. "ಬೇಡ. ಹಕ್ಕಿಯ ಪಾಠವನ್ನೂ ಇವಳಿಗೆ ಕಲಿಸುತ್ತೇನೆ."

ಮರುದಿನದಿಂದ ಐಬಿಸ್‌ಗಳು ಸೇರುವ ಪಾರ್ಕಿನ ಬೆಂಚಿಗೆ ಹೋಗಿ ಕೂತ. ಮೊದಲು ಬಹಳ ದೂರ, ಆಮೇಲೆ ಒಂದೊಂದೇ ಬೆಂಚು ಹತ್ತಿರ. ಹಕ್ಕಿಯನ್ನು ನೋಡಿದ ಬಂಗುಡೆ ತಿರುಗಿ ಅವನ ಮುಖ ನೋಡಿದರೆ ಮಾತ್ರ ತಿನಿಸು. ಊಟಕ್ಕೆ ಬಂದ ಆಫೀಸಿನವರು, ಮಗುವಿನ ಗಾಡಿ ತಳ್ಳುವ ತಾಯಂದಿರು ಅವನನ್ನು ಗುರುತಿಸಿ ನಗುವಷ್ಟು ಕಾಲ ಅಲ್ಲಿ ಕೂತ. ಒಂದು ಮಧ್ಯಾಹ್ನ ಅವನಿಗೆ ಹೊಳೆಯಿತು: ಇಷ್ಟು ಜನರ ನಡುವೆ ಇಷ್ಟು ಹೊತ್ತು ಕೂತಿದ್ದೇನೆ, ಬೆನ್ನ ಹಿಂದೆ ಗೋಡೆಯಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಾಸಾದರು, ಬಂಗುಡೆಗೆ ಅವನ ಜೊತೆ ಅಂಗಡಿ, ಹೋಟೆಲಿನೊಳಗೂ ಹೋಗುವ ಅನುಮತಿ ಸಿಕ್ಕಿತು. ಬ್ರೂಸ್ ತನ್ನ ಟೆರಿಯರಿನ ಹಳೆಯ ಕೊರಳಪಟ್ಟಿ ತಂದುಕೊಟ್ಟ. ಬಂಗುಡೆಯ ಕತ್ತಿಗೆ ಅದು ಚಿಕ್ಕದಾಯಿತು, ಹಾಗೇ ಇಟ್ಟುಕೊಂಡರು.

ಆಮೇಲೆ ವಿನಿಷಾಗೆ ಮೆಲ್ಬರ್ನ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿ, ಡ್ಯಾಂಡಿನಾಂಗ್ ಹತ್ತಿರ ಮನೆ ಮಾಡಿದರು. ಅಲ್ಲಿನ ಚಳಿಗೆ ಬಂಗುಡೆಗೆ ಸ್ವೆಟರ್ ಬೇಕಾಯಿತು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಸಂಧ್ಯಾರಾಣಿ ಎಂಬ ಮೈಸೂರಿನ ಹೆಂಗಸು ಒಂದು ಸಮುದಾಯ ಅಡುಗೆಮನೆ ನಡೆಸುತ್ತಿದ್ದರು. ಹೊಸದಾಗಿ ದೇಶಕ್ಕೆ ಬಂದವರು, ಫ್ಯಾಕ್ಟರಿ ಕೆಲಸ ಹೋದವರು ಯಾರು ಬಂದರೂ ಮಧ್ಯಾಹ್ನ ಊಟ. ವಿನಿಷಾಳ ಒತ್ತಾಯಕ್ಕೆ ಕ್ಲಾರೆನ್ಸ್ ಹೋಗಿ ಕೇಳಿದ.

"ಬನ್ನಿ, ನಮಗೆ ಕೈ ಸಾಲಲ್ಲ" ಎಂದರು ಸಂಧ್ಯಾರಾಣಿ. ಆಮೇಲೆ ಬಂಗುಡೆಯನ್ನು ನೋಡಿ ಸಂಕೋಚದಿಂದ, "ಆದ್ರೆ ಇದನ್ನ ಊಟದ ಹಾಲ್ ತನಕ ಬಿಡಬಹುದು, ಕಿಚನ್ ಒಳಗೆ ಬಿಡೋ ಹಾಗಿಲ್ಲ. ರೂಲ್ಸ್ ಇದೆ. ಬೇಜಾರು ಮಾಡ್ಕೋಬೇಡಿ."

"ಬೇಜಾರು ಎಂಥದು ಮೇಡಂ? ನನ್ನ ಕಿಚನ್ ಆಗಿದ್ರೆ ನಾನೂ ಬಿಡ್ತಿರ್ಲಿಲ್ಲ."

ಹೊರಗೆ ಬಂದು ಸಿಡ್ನಿಗೆ, ಟ್ರೇಸಿಗೆ ಫೋನ್ ಮಾಡಿದ. ನಾಯಿ ಇಲ್ಲದೆ ನಾನು ಒಳಗೆ ನಿಲ್ಲಲಾರೆ, ನಾಯಿ ಒಳಗೆ ಬರುವ ಹಾಗಿಲ್ಲ ಎಂದ. ಟ್ರೇಸಿ ಹೇಳಿದಳು: "ಇಷ್ಟು ದಿನ ಅವಳು ನಿನ್ನ ಹತ್ತಿರ ಬರುತ್ತಿದ್ದಳು. ಇನ್ನು ಅವಳು ಕರೆದಾಗ ನೀನು ಹೋಗುವುದನ್ನು ಕಲಿ."

ಅಡುಗೆಮನೆಗೂ ಹಿತ್ತಿಲಿಗೂ ನಡುವೆ ಒಂದು ಜಾಲರಿ ಬಾಗಿಲಿತ್ತು. ಅದರಾಚೆ ಬಂಗುಡೆಯ ಚಾಪೆ ಹಾಕಿದ. ಕೈ ಒರೆಸುವುದು ಕಂಡರೆ ಎದ್ದು ನಿಂತು ಒಮ್ಮೆ ಬೊಗಳಬೇಕೆಂದು ಕಲಿಸಿದ. ಹುಟ್ಟಾ ಮೌನಿಯಾದ ಆ ನಾಯಿಗೆ ಬೊಗಳುವುದನ್ನು ಕಲಿಸಲು ಸಾಕುಸಾಕಾಯಿತು. ಅದಕ್ಕಿಂತ ಕಷ್ಟವಾದದ್ದು ಇವನ ಪಾಠ. ಒಗ್ಗರಣೆಗೆ ಹಾಕಿದ ಈರುಳ್ಳಿಯನ್ನು ಬಿಟ್ಟು ಹೊರಗೆ ಹೋಗಲು ಯಾವ ಅಡುಗೆಯವನಿಗೆ ಮನಸ್ಸು ಬರುತ್ತದೆ? ಮೊದಮೊದಲು, "ಒಂದು ನಿಮಿಷ ಬಂದೆ" ಎಂದು ಕರೆಯನ್ನು ತಳ್ಳಿಹಾಕುತ್ತಿದ್ದ. ಹಾಗೆ ತಳ್ಳಿಹಾಕಿದ ಒಂದು ದಿನ ಪಾತ್ರೆ ಕೈಜಾರಿ, ಕುದಿಯುವ ಸಾರು ಕಾಲಿಗೆ ಚೆಲ್ಲುವುದರಲ್ಲಿತ್ತು. ಅಲ್ಲಿಂದ ಮುಂದೆ ಬೊಗಳಿದ ಕೂಡಲೇ ಗ್ಯಾಸ್ ಆರಿಸಿ ನಡೆದ.

ಹಿಂದೆ ನಿಂತು ಬೇಯಿಸುವುದು ಒಗ್ಗಿತು. ಮುಂದೆ ನಿಂತು ಬಡಿಸುವ ಮಾತನ್ನು ಯಾರೂ ಎತ್ತಿರಲಿಲ್ಲ. ಆದರೆ ಒಂದು ಶುಕ್ರವಾರ ಬಡಿಸುವವರಿಬ್ಬರಿಗೂ ಜ್ವರ. ಹಾಲಿನಲ್ಲಿ ಸಾಲು ಬೆಳೆಯುತ್ತಿತ್ತು, ಸಂಧ್ಯಾರಾಣಿ ಒಬ್ಬರೇ ಒದ್ದಾಡುತ್ತಿದ್ದರು. ಕ್ಲಾರೆನ್ಸ್ ಯಾರೂ ಕೇಳದೆ ಸೌಟು ಹಿಡಿದು ಮುಂದೆ ಬಂದ. ಬಂಗುಡೆಯನ್ನು ಹಾಲಿನೊಳಗೆ, ಗೋಡೆಯ ಪಕ್ಕ, ತಾನು ಕಾಣುವಲ್ಲಿ ಮಲಗಿಸಿದ.

ಗೋದಾಮಿನ ಹುಡುಗರ ಗುಂಪೊಂದು ಹಳದಿ ಜಾಕೆಟ್ಟಿನಲ್ಲಿ ನಗುತ್ತ ಬಂದು ಸಾಲು ನಿಂತಿತು. ತಟ್ಟೆಗಳು ಮುಂದೆ ಚಾಚಿದವು. ಅವನು ಅನ್ನ ಹಾಕಿದ, ಬೇಳೆ ಹಾಕಿದ, ಮುಂದಿನವನಿಗೆ ಹಾಕಿದ. ನಾಯಿ ಬೊಗಳಿತು. ಹಾಲಿನಲ್ಲಿ ಎಲ್ಲರೂ ತಿರುಗಿದರು.

ಈ ಒಂದು ಗಳಿಗೆಗೆ ಅವನು ವರ್ಷಗಟ್ಟಲೆ ಹೆದರಿದ್ದ. ಹಸಿದವರ ಎದುರು ಸೌಟು ಬಿಟ್ಟು ಹೋಗುವುದು. ಅವನು ಸೌಟನ್ನು ಸಂಧ್ಯಾರಾಣಿಯ ಕೈಗೆ ಕೊಟ್ಟು, "ಈಗ ಬರ್ತೇನೆ" ಎಂದ. ನಡೆದುಹೋಗಿ ನೆಲದ ಮೇಲೆ ಕೂತ. ಬಂಗುಡೆ ತನ್ನ ಉದ್ದ ಕುತ್ತಿಗೆಯನ್ನು ಅವನ ಹೆಗಲ ಮೇಲಿಟ್ಟಿತು. ಕಣ್ಣು ಮುಚ್ಚಿ ಅದರ ಉಸಿರಿಗೆ ತನ್ನ ಉಸಿರು ಕೂಡಿಸಿದ. ಕಣ್ಣು ತೆರೆದಾಗ ಸಾಲು ಹಾಗೇ ಸಾಗುತ್ತಿತ್ತು. ಯಾರೂ ಅವನನ್ನು ನೋಡುತ್ತಿರಲಿಲ್ಲ. ಹುಡುಗರು ಯಾವುದೋ ಫುಟ್ಬಾಲ್ ಪಂದ್ಯದ ಮಾತಾಡುತ್ತಿದ್ದರು.

ಎದ್ದು ಕೈ ತೊಳೆದು ಬಂದು ಸೌಟು ವಾಪಸ್ ಕೇಳಿದ.

"ಆಗುತ್ತಾ?" ಎಂದರು ಸಂಧ್ಯಾರಾಣಿ.

"ಆಗ್ತದೆ. ಆಗದಿದ್ರೆ ಅವಳು ಹೇಳ್ತಾಳೆ."

ಆ ದಿನ ಕೊನೆಯವರ ತನಕ ಅವನೇ ಬಡಿಸಿದ. ನಡುವೆ ಇನ್ನೊಮ್ಮೆ ಹೋಗಿ ಕೂತು ಬಂದ.

ಈಗ ಆ ಅಡುಗೆಮನೆಯ ಮುಖ್ಯ ಅಡುಗೆಯವ ಅವನೇ. ಎಲ್ಲ ಸರಿಹೋಯಿತೆಂದಲ್ಲ. ಮಾತ್ರೆ ಇದೆ, ಕೌನ್ಸೆಲರ್ ಇದ್ದಾರೆ, ಹಾಸಿಗೆ ಬಿಟ್ಟು ಏಳಲಾಗದ ಬೆಳಗುಗಳೂ ಬರುತ್ತವೆ. ಅಂಥ ದಿನ ಸಂಧ್ಯಾರಾಣಿಗೆ ಒಂದು ಮೆಸೇಜ್ ಹೋಗುತ್ತದೆ, ಅವರು ಕಾರಣ ಕೇಳುವುದಿಲ್ಲ. ಬಂಗುಡೆಯ ಮೂತಿ ಬೆಳ್ಳಗಾಗಿದೆ. ಚಾಪೆಯಿಂದ ಏಳುವಾಗ ಹಿಂಗಾಲು ಎಳೆಯುತ್ತದೆ. ಅವಳಿಗೂ ರಿಟೈರ್ ಆಗುವ ಹೊತ್ತು ಬಂತು ಎನ್ನುತ್ತಾಳೆ ವಿನಿಷಾ. ಕ್ಲಾರೆನ್ಸ್ ಹೌದೆನ್ನುತ್ತಾನೆ, ಆಮೇಲೆ ಮಾತು ಬದಲಿಸುತ್ತಾನೆ.

ಆದರೂ ಈಚೆಗೆ ಭಾನುವಾರ ಪೂಜೆ ಮುಗಿಸಿಕೊಂಡು ಮೂವರೂ ಬೀಡಾಡಿ ನಾಯಿಗಳ ಆಶ್ರಯಕ್ಕೆ ಹೋಗಿಬರುತ್ತಿದ್ದಾರೆ. ಪಂಜರಗಳ ಮುಂದೆ ಅವನು ಮೆಲ್ಲಗೆ ನಡೆಯುತ್ತಾನೆ, ಬಂಗುಡೆ ಅವನಿಗಿಂತ ಮೆಲ್ಲಗೆ. ಹೋದ ವಾರ ಕಂದು ಬಣ್ಣದ ಒಂದು ಮರಿಯ ಮುಂದೆ ಬಂಗುಡೆ ನಿಂತು, ಮೂಸಿ, ಅಲ್ಲೇ ಮಲಗಿಬಿಟ್ಟಿತು. ಮರಿಗೆ ಒಂದು ಕಿವಿ ಮಾತ್ರ ನೆಟ್ಟಗಿದೆ. ಬಹಳ ತುಂಟ, ಯಾರ ಮಾತೂ ಕೇಳುವುದಿಲ್ಲ ಎಂದರು ಅಲ್ಲಿನವರು. ಕ್ಲಾರೆನ್ಸ್ ಅದರ ಹೆಸರು ಕೇಳಿಕೊಂಡು, ಅದು ಏನು ತಿನ್ನುತ್ತದೆಂದು ವಿಚಾರಿಸಿ ಬಂದಿದ್ದಾನೆ.