ಖಾಲಿ ಬಾರದ ಡಬ್ಬಿ

ಇವತ್ತು ಬೆಳಿಗ್ಗೆ ಅಡುಗೆಮನೆಯ ಮೇಲಿನ ಹಲಗೆಯಿಂದ ಸ್ಟೀಲಿನ ಡಬ್ಬಿಯೊಂದನ್ನು ಇಳಿಸಿದೆ. ಮುಚ್ಚಳ ತೆಗೆದದ್ದೇ ತಡ, ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿಯ ವಾಸನೆ. ಗೋಕಾಕದಲ್ಲಿ ಕರದಂಟಿಗೇನು ಬರವಿಲ್ಲ. ಆದರೆ ಈ ವಾಸನೆ ಬಾಜೂ ಮನೆಯ ಕಾಕುವಿನದು...

ಕಾಕು ಈ ಡಬ್ಬಿಯಲ್ಲಿ ಊರೆಲ್ಲ ಕರದಂಟು ಹಂಚುತ್ತಿದ್ದರು. ಡಬ್ಬಿಯನ್ನು ಖಾಲಿ ಮರಳಿಸಿದವರಿಗೆ ಮಾತ್ರ ಕ್ಷಮೆಯಿರಲಿಲ್ಲ. ನಾಲ್ಕು ನಿಂಬೆಹಣ್ಣಾದರೂ ಇಟ್ಟು ಕೊಡಬೇಕು.

ಆಗ ನಾನು ಅರಭಾವಿಯ ತೋಟಗಾರಿಕೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕಾಕುವಿಗೆ ಬೆಳಗಾವಿಯಲ್ಲಿ ಸ್ತನದ ಕ್ಯಾನ್ಸರಿನ ಆಪರೇಷನ್ ಆಗಿತ್ತು. ರೋಗ ಮರಳದಿರಲೆಂದು ವರ್ಷಗಟ್ಟಲೆ ನುಂಗುವ ಗುಳಿಗೆ ಶುರುವಾಗಿತ್ತು. ಗಾಯ ಮಾಯಿತು, ನಗು ಮಾತ್ರ ನಿಂತುಹೋಯಿತು. ಕಾಕು ನಕ್ಕ ದಿನ ಡೈರಿಯಲ್ಲೊಂದು ಗೀಟು ಎಳೆಯುವುದು ನನ್ನ ರೂಢಿ. ಆ ಚಳಿಗಾಲದ ಪುಟಗಳಲ್ಲಿ ಗೀಟುಗಳೇ ಇಲ್ಲ.

ಹುಕ್ಕೇರಿಯಲ್ಲಿದ್ದ ಅವರ ತಂಗಿಗೆ ಮರುಕ ಹುಟ್ಟಿತು. ಕಾಕುವಿನ ಡಬ್ಬಿಯನ್ನು ಮರಳಿಸುವಾಗ ಶೇಂಗಾ ಹೋಳಿಗೆ ತುಂಬಿ, ಅದರಡಿ ತಾನು ಮನಸ್ಸಿನ ಬೇನೆಗೆ ನುಂಗುತ್ತಿದ್ದ ಗುಳಿಗೆಗಳ ಸ್ಟ್ರಿಪ್ಪನ್ನೂ ಇಟ್ಟು ಕಳಿಸಿದರು.

"ಅಕ್ಕಾ, ನನಗ ಇದು ಚಲೋ ಹತ್ತೈತಿ," ಎಂದರು ಫೋನಿನಲ್ಲಿ. "ಒಂದ ತಾಯಿ ಹೊಟ್ಟ್ಯಾಗ ಹುಟ್ಟೇವಿ, ಒಂದ ಗುಳಿಗಿ ನಡಿಯಂಗಿಲ್ಲೇನ?"

ಕಾಕು ಆಗಲೇ ನೀರಿನ ಲೋಟ ಹಿಡಿದಿದ್ದರು.

"ಕಾಕು, ತಡೀರಿ. ಬೆಳಗಾವಿ ಡಾಕ್ಟರ್ ಬಾಯಾರನ್ನ ಒಂದ ಮಾತ ಕೇಳೂಣು," ಎಂದೆ.

"ಏನಂತ ಕೇಳ್ಲಿ? ಎದಿ ಆತು, ಈಗ ತಲಿ ಕೆಟ್ಟೈತಿ ಅಂತೇನ?"

ಲೋಟವನ್ನಂತೂ ಕೆಳಗಿಟ್ಟರು. ಆದರೆ ಕೇಳಲು ನಾಚಿಕೆ. ಮುಂದಿನ ವಾರ ತಪಾಸಣೆಗೆ ಹೋದಾಗ ನಾನೂ ಜೊತೆಗಿದ್ದೆ. "ಬ್ಯಾರೆ ಏನರ ತ್ರಾಸ ಐತೇನ್ರಿ?" ಎಂದು ಡಾಕ್ಟರಮ್ಮ ಕೇಳಿದರೆ ಕಾಕು ಇಲ್ಲವೆಂದು ತಲೆಯಾಡಿಸಿ, ಕರದಂಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಂದು ತುಂಡು ಎತ್ತಿಕೊಂಡ ಡಾಕ್ಟರಿಗೆ ಕೆಳಗಿದ್ದ ಗುಳಿಗೆಗಳ ಸ್ಟ್ರಿಪ್ಪು ಕಂಡಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಕಾಕು ಡಬ್ಬಿಯಲ್ಲಿಟ್ಟು ತಂದಿದ್ದರು!

"ಇದ ಯಾರದರಿ?"

"ನಮ್ಮ ತಂಗೀದರಿ. ಒಂದೂ ನುಂಗಿಲ್ಲರಿ, ಆಣಿ ಮಾಡ್ತೇನಿ."

"ಬಾಳ ಚಲೋ ಮಾಡೀರಿ, ಅಕ್ಕಾರ. ಗುಳಿಗಿ ಕೆಟ್ಟದ್ದಲ್ಲ. ಆದ್ರ ನಿಮ್ಮ ಕ್ಯಾನ್ಸರ್ ಗುಳಿಗಿ ಶಕ್ತಿ ಇದು ಕಡಿಮಿ ಮಾಡಬಹುದು. ಅದರ ಜೋಡಿ ಹೊಂದೋ ಗುಳಿಗಿ ಬ್ಯಾರೆ ಅದಾವು."

ಅಲ್ಲಿಂದಲೇ ಮನಸ್ಸಿನ ಡಾಕ್ಟರಿಗೆ ಫೋನು ಹೋಯಿತು. ಕಾಕುವಿಗೆ ಆದ ತ್ರಾಸವನ್ನೆಲ್ಲ ಕೇಳಿ, ನುಂಗುತ್ತಿದ್ದ ಗುಳಿಗೆಗಳನ್ನೆಲ್ಲ ನೋಡಿ, ಡಾಕ್ಟರರಿಬ್ಬರೂ ಕೂಡಿ ಒಂದನ್ನು ಆರಿಸಿದರು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ತಾವೇ ಬಿಡಬಾರದು, ಹೊಸದೇನು ನುಂಗುವುದಿದ್ದರೂ ಮೊದಲು ಕೇಳಬೇಕು ಎಂದು ಬಿಡಿಸಿ ಹೇಳಿದರು. ಡಾಕ್ಟರಮ್ಮ ಔಷಧಿ ಚೀಟಿಯನ್ನು ಮಡಚಿ ಡಬ್ಬಿಯೊಳಗೇ ಹಾಕಿ, "ಖಾಲಿ ಕೊಡಬಾರದಲ್ರಿ!" ಎಂದರು.

ಹೊರಗೆ ಬಂದ ಕಾಕು, "ಕರದಂಟ ಕೊಟ್ಟ ಕಾಗದ ತಂದ್ವಿ. ಲುಕ್ಸಾನದ ಯಾಪಾರ ನೋಡವ್ವಾ," ಎಂದರು. ನಕ್ಕದ್ದು ನಾನೊಬ್ಬಳೇ.

ಅವರ ನಗು ತಡವಾಗಿಯೇ ಬಂತು. ಒಂದು ಸಂಜೆ ನಾನು ಮೂಡಲಗಿಯಿಂದ ತಂದ ಹೊಸ ಚಪ್ಪಲಿಗಳೆರಡೂ ಎಡಗಾಲಿನವೇ ಎಂದು ತಿಳಿದಾಗ ಕಾಕು ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಡೈರಿಯಲ್ಲಿ ಗೀಟುಗಳು ಒಂದರ ಮೇಲೊಂದು ಬಿದ್ದು ಲೆಕ್ಕ ತಪ್ಪಿತು. ಲೆಕ್ಕ ತಪ್ಪಿ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಹೀಗೆ ಹಲವು ವರ್ಷ ನಗುತ್ತಲೇ ಇದ್ದು, ಕಳೆದ ಮಳೆಗಾಲದಲ್ಲಿ ಕಾಕು ಹೃದಯಾಘಾತದಿಂದ ತೀರಿಕೊಂಡರು. ಅವರು ಕೊನೆಯ ಬಾರಿ ಕಳಿಸಿದ ಕರದಂಟು ನಾವು ತಿಂದು ಮುಗಿಸಿದ್ದೆವು. ಡಬ್ಬಿ ನಮ್ಮಲ್ಲೇ ಉಳಿಯಿತು...

ಇಂದು ನಾನೇ ಕರದಂಟು ಮಾಡಿ ಅದರಲ್ಲಿ ತುಂಬಿ ಹುಕ್ಕೇರಿಗೆ ಒಯ್ದೆ. ಅವರ ತಂಗಿ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅಂಟ ಹಸೀ ಉಳದೈತಿ. ಅಕ್ಕ ಇದ್ದಿದ್ರ ನಿನ್ನ ಬಿಡ್ತಿದ್ಲೇನ?" ಎಂದು ನಕ್ಕರು. ಆಮೇಲೆ ಇಬ್ಬರೂ ಸ್ವಲ್ಪ ಅತ್ತೆವು.

ಹೊರಡುವಾಗ ಅವರು ಡಬ್ಬಿ ತೊಳೆದು, ಒರೆಸಿ, ಶೇಂಗಾ ಹೋಳಿಗೆ ತುಂಬಿ ಕೊಟ್ಟರು. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ಬೆಚ್ಚಗಿತ್ತು. ಗೋಕಾಕದಲ್ಲಿ ಇಳಿದವಳ ಕಾಲುಗಳು ಡಬ್ಬಿ ಮರಳಿಸಲೆಂಬಂತೆ ನೇರ ಬಾಜೂ ಮನೆಯ ಕಟ್ಟೆಯವರೆಗೂ ಹೋಗಿ ನಿಂತವು.