ಹುಮನಾಬಾದಿನವರು ಹೇಳಿದ ಹೆಸರು

ಎಣ್ಣೆಬಣ್ಣದ ವಾಸನೆಗೆ ನನಗೆ ಮೊದಲಿನಿಂದಲೂ ತಲೆನೋವು ಬರುತ್ತದೆ. ಹೋದ ವಾರ ತಲೆನೋವಿನ ಜೊತೆಗೆ ಸಿಟ್ಟೂ ಬಂತು. ನಮ್ಮ ಬಸವಕಲ್ಯಾಣದ ಫುಟ್‌ಬಾಲ್ ಕ್ಲಬ್ಬಿನ ಕೋಣೆಯಲ್ಲಿ ಪೇಂಟರನೊಬ್ಬ ಏಣಿ ಹತ್ತಿ, ವರ್ಷ ವರ್ಷದ ಉತ್ತಮ ಆಟಗಾರರ ಹೆಸರನ್ನು ಹಲಗೆಯ ಮೇಲೆ ಹೊಸದಾಗಿ ಬರೆಯುತ್ತಿದ್ದ. ಹಿಂದೊಮ್ಮೆ ನಾನು ಕ್ಲಬ್ಬಿನ ಸೆಕ್ರೆಟರಿ ಆಗಿದ್ದೆನಲ್ಲ, ಹೆಸರುಗಳನ್ನು ಒಮ್ಮೆ ನೋಡಿಕೊಡಿ ಎಂದು ಕರೆಸಿದ್ದರು.

"ಮಾಸ್ತರ, ಹೆಸರು ಬರೋಬರಿ ಅವ ಏನು ನೋಡ್ರಿ," ಎಂದ ಪೇಂಟರ್.

ಆರನೆಯ ಸಾಲು ಬರೋಬರಿ ಇರಲಿಲ್ಲ. ಅಲ್ಲಿ ಚಂದ್ರಶೇಖರ ಎಂದಿತ್ತು. ಮಾರುತಿ ಎಂದಿರಬೇಕಿತ್ತು. ಇಪ್ಪತ್ತು ವರ್ಷಗಳ ಹಿಂದೆ ಆ ತಪ್ಪು ಹೆಸರನ್ನು ಮೈಕಿನಲ್ಲಿ ಓದಿದ ಮಹಾನುಭಾವ ನಾನೇ.

ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ. ನಮ್ಮ ಕ್ಲಬ್ಬು ಹುಟ್ಟಿದ್ದು ಕಲ್ಯಾಣಿ ಎಂಬ ಊರು ಬಸವಕಲ್ಯಾಣ ಆದ ಹೊಸತರಲ್ಲಿ. ರಬ್ಬರಿನ ಮುದ್ರೆಯಲ್ಲಿ ಊರಿನ ಹಳೆಯ ಹೆಸರು, ಬಾಗಿಲ ಮೇಲೆ ಹೊಸ ಹೆಸರು. ಸಭೆಯ ನಡಾವಳಿ ಅರ್ಧ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ. ಜಗಳಕ್ಕೆ ಮರಾಠಿಯೂ ಬೇಕಾಗುತ್ತಿತ್ತು. ಗೋಲಿಗೆ ಎರಡು ಬಿದಿರು ನೆಟ್ಟಿದ್ದೆವು, ಬಲೆ ಇರಲಿಲ್ಲ. ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ಆಟಕ್ಕಿಂತ ಹೆಚ್ಚು ಹೊತ್ತು ವಾದ ನಡೆಯುತ್ತಿತ್ತು.

ಇಂಥ ನಾವು ಒಂದೇ ಒಂದು ಒಳ್ಳೆಯ ಪದ್ಧತಿ ಇಟ್ಟುಕೊಂಡಿದ್ದೆವು. ನಮ್ಮ ವರ್ಷದ ಉತ್ತಮ ಆಟಗಾರನನ್ನು ನಾವು ಆರಿಸುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ಲವೇ? ಅದಕ್ಕೇ ವರ್ಷದ ಕೊನೆಯ ಆಟ ಮುಗಿದ ಮೇಲೆ ನೆರೆಯೂರಾದ ಹುಮನಾಬಾದದ ತಂಡದ ಕ್ಯಾಪ್ಟನ್ ನಮ್ಮ ಸೆಕ್ರೆಟರಿಯ ಕಿವಿಯಲ್ಲಿ ಒಂದು ಹೆಸರು ಹೇಳಬೇಕು. ಅವರ ತಂಡದ ಹೆಸರನ್ನು ನಮ್ಮ ಕ್ಯಾಪ್ಟನ್ ಹೇಳಬೇಕು. ವರ್ಷವಿಡೀ ತಮ್ಮನ್ನು ಕಾಡಿದವನನ್ನು ಎದುರಾಳಿಗಳು ಮರೆಯುತ್ತಾರೆಯೇ? ಹುಡುಗರಿಗೂ ಬಹುಮಾನದ ಕಪ್ಪಿಗಿಂತ ಅದೇ ದೊಡ್ಡದಾಗಿತ್ತು, ಹುಮನಾಬಾದಿನವರ ಬಾಯಲ್ಲಿ ತಮ್ಮ ಹೆಸರು ಬರುವುದು.

ಮಾರುತಿ ನಮ್ಮ ಗೋಲ್‌ಕೀಪರ್. ಹತ್ತಿರದ ಕೊಹಿನೂರ ಹಳ್ಳಿಯವನು, ಹೊಲದ ಕೂಲಿ ಮಾಡುವವನು. ಭಾನುವಾರ ಕೆಲಸ ಬಿಟ್ಟು ಕಾಳಿನ ಲಾರಿಯ ಮೇಲೆ ಕೂತು ಬರುತ್ತಿದ್ದ, ಬರಿಗಾಲಲ್ಲಿ ಆಡುತ್ತಿದ್ದ. ಅವನ ಅಂಗೈ ಎಂದರೆ ಮೊರ. ನಾನೂ ಒಂದೆರಡು ಸಲ ಅವನ ಜಾಗದಲ್ಲಿ ನಿಂತಿದ್ದೇನೆ. ಚೆಂಡು ಬಂದಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ನನಗಿದೆ ಎಂದು ಊರಿಗೆಲ್ಲ ಗೊತ್ತಾಯಿತು. ಮಾರುತಿ ಕಣ್ಣು ಮುಚ್ಚುತ್ತಿರಲಿಲ್ಲ.

ಆ ವರ್ಷ ಹುಮನಾಬಾದದ ಕ್ಯಾಪ್ಟನ್ ಕರೀಮಸಾಬರು. ಸೈಕಲ್ ಅಂಗಡಿ ಇಟ್ಟವರು. ನಾನು ಕಿವಿ ಕೊಟ್ಟರೆ ನಕ್ಕುಬಿಟ್ಟರು.

"ಅರೇ ಸೆಕ್ರೆಟ್ರಿ, ಇದ್ರಾಗ ಕೇಳಾದು ಏನದ? ನಿಮ್ಮ ಮಾರುತಿ. ಅವನ ಕೈಯಾಗ ಬಾಲ್ ಕೊಟ್ಟು ಕೊಟ್ಟು ನಮ್ಮ ಕಾಲು ಬ್ಯಾಸತ್ತಾವ. ಅವನ್ನ ನಮಗ ಕೊಡ್ರಿ, ನಮ್ಮ ಹನ್ನೊಂದೂ ಮಂದೀನ ನೀವು ತಗೋರಿ!"

ಈ ಮಾತನ್ನು ನಾನು ನಮ್ಮ ಅಧ್ಯಕ್ಷರಿಗೆ ಖುಷಿಯಿಂದಲೇ ಹೇಳಿದೆ. ಅವರು ಸಾವಕಾರರು, ಕಪ್ಪು ಕೊಟ್ಟವರು. ಚಂದ್ರಶೇಖರ, ಅಂದರೆ ನಮ್ಮ ಚಂದು, ಅವರ ತಂಗಿಯ ಮಗ. ಪಾಪ, ಕೆಟ್ಟವನಲ್ಲ; ಚೆಂಡಿಗಿಂತ ತನ್ನ ಕ್ರಾಪಿನ ಮೇಲೆ ನಿಗಾ ಹೆಚ್ಚು, ಅಷ್ಟೇ.

"ಮಾಸ್ತರ, ಸಮಾರಂಭಕ್ಕ ಬೀದರದಿಂದ ಸಾಹೇಬರು ಬರಾಕತ್ತಾರ," ಎಂದರು ಸಾವಕಾರರು. "ಅವರ ಬಾಜೂಕ ಮಾರುತಿನ್ನ ನಿಂದ್ರಿಸಿ ಫೋಟೋ ತೆಗಸಾದೇನು? ಅವನ ಓಣಿ ಯಾವುದಂತ ನಿಮಗ ಗೊತ್ತಿಲ್ಲೇನು? ಚಂದೂನ ಹೆಸರು ಓದ್ರಿ."

ಎದೆಗೆ ಚೆಂಡು ಬಡಿಸಿಕೊಳ್ಳುವಾಗ ಅವನ ಓಣಿ ಯಾವುದೆಂದು ಒಬ್ಬನೂ ಕೇಳಲಿಲ್ಲ! ಗೋಲು ಕಾಯಲು ಮಾರುತಿ ಬೇಕು, ಫೋಟೋಕ್ಕೆ ಚಂದು ಬೇಕು. ನಾಚಿಕೆಯಾದರೂ ಇರಬೇಡವೇ? ಇದನ್ನು ಅವತ್ತೇ ಅವರ ಮುಖಕ್ಕೆ ಹೇಳಿದ್ದರೆ ನಾನು ಮನುಷ್ಯ. ನಾನು ಹೇಳಿದ್ದು, "ಆಗ್ಲಿ ಬಿಡ್ರಿ ಸಾವಕಾರ್ರ." ನನ್ನ ಮಾಸ್ತರಿಕೆ ಅವರ ಶಿಫಾರಸಿನಿಂದ ಬಂದಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ಹುಮನಾಬಾದಕ್ಕೆ ಸಮಾರಂಭದ ಆಮಂತ್ರಣವನ್ನೇ ಕಳಿಸಲಿಲ್ಲ. ಮುಂದೆ ಕರೀಮಸಾಬರೂ ಅಂಗಡಿ ಮುಚ್ಚಿ ಸೋಲಾಪುರಕ್ಕೆ ಹೋದರು.

"ಹುಮನಾಬಾದದ ಕ್ಯಾಪ್ಟನ್ ಆರಿಸಿದ ಉತ್ತಮ ಆಟಗಾರ, ಚಂದ್ರಶೇಖರ!" ಎಂದು ನಾನು ಓದಿದಾಗ ಮಾರುತಿ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಮರು ಭಾನುವಾರ ಅವನು ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ಮುಂದಿನ ವರ್ಷ ಹುಮನಾಬಾದಿನವರು ನಮಗೆ ಆರು ಗೋಲು ಹೊಡೆದರು. ಆಗಬೇಕಾದದ್ದೇ!

ಹೋದ ವಾರ, ಆ ಆರನೆಯ ಸಾಲು ಮುಟ್ಟಬೇಡ ಎಂದು ಪೇಂಟರನಿಗೆ ಹೇಳಿ ನಾನು ಕೊಹಿನೂರದ ಬಸ್ಸು ಹತ್ತಿದೆ. ಮಾರುತಿ ತೊಗರಿ ಕೊಯ್ದು ಬಂದು ಮನೆಯ ಕಟ್ಟೆಯ ಮೇಲೆ ಕೂತಿದ್ದ. ತಲೆ ನೆರೆತಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಪೀಠಿಕೆಯೆಲ್ಲ ನನಗೆ ಮರೆತುಹೋಯಿತು.

"ಮಾರುತಿ, ಅವತ್ತು ಕರೀಮಸಾಬರು ಹೇಳಿದ್ದು ನಿನ್ನ ಹೆಸರು. ನಾ ಸುಳ್ಳು ಓದಿದೆ," ಎಂದೆ.

ಅವನು ಕಟ್ಟೆಯ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟ. ಆಮೇಲೆ, "ಅವರು ಏನಂದ್ರು? ಅಂದಂಗೇ ಹೇಳ್ರಿ," ಎಂದ. ಹೇಳಿದೆ. ಕಾಲು ಬೇಸತ್ತದ್ದು, ಹನ್ನೊಂದು ಮಂದಿ, ಎಲ್ಲವನ್ನೂ.

"ಹಂಗಾದ್ರ ನಾ ಆಟ ಯಾಕ ಬಿಟ್ಟೆ?" ಎಂದು ಎದ್ದು ನಿಂತ. ದನಿ ಏರಿತ್ತು. "ಕಪ್ಪು ಸಾವಕಾರ್ರದು, ಅವರ ಮಂದಿಗೆ ಕೊಟ್ಕೊಳ್ಳಿ, ನನಗೇನು? ಆದ್ರ ಹುಮನಾಬಾದದವರ ಕಣ್ಣಿಗೂ ನಾ ಕಾಣಲಿಲ್ಲಲ್ಲ, ನನ್ನ ಆಟದಾಗ ಏನೂ ಇಲ್ಲಂತ ತಿಳದೆ. ಇಪ್ಪತ್ತು ವರ್ಷ ಹಂಗೇ ತಿಳದೀನ್ರಿ ಮಾಸ್ತರ!"

ಒಂದು ಕಪ್ಪು ತಪ್ಪಿಸಿದೆವು ಎಂದಷ್ಟೇ ನಾನು ಇಷ್ಟು ವರ್ಷ ಪಶ್ಚಾತ್ತಾಪ ಪಡುತ್ತಿದ್ದೆ. ಎಂಥ ಮೂರ್ಖ! ಹಲಗೆಯ ಮೇಲೆ ಅವನ ಹೆಸರು ಬರೆಸುತ್ತೇನೆಂದು ಸಣ್ಣ ದನಿಯಲ್ಲಿ ಹೇಳಿದೆ.

"ಹಲಗಿ ಯಾರು ನೋಡ್ತಾರ? ನೀವು ಅವತ್ತು ಮೈಕಿನಾಗ ಓದಿದ್ರಿ. ಮೈಕಿನಾಗೇ ಓದ್ರಿ. ನಾ ಬರ್ತೀನಿ," ಎಂದ ಮಾರುತಿ.

ನಿನ್ನೆ ವಾರ್ಷಿಕ ಸಭೆ ಇತ್ತು. ಈಗಿನ ಅಧ್ಯಕ್ಷರು ನನ್ನನ್ನು ಬದಿಗೆ ಕರೆದು, "ಹಳೇದು ಯಾಕ ಕೆದರಾಕತ್ತೀರಿ ಮಾಸ್ತರ? ಸತ್ತ ಸಾವಕಾರ್ರ ಹೆಸರು ಕೆಡ್ತದ," ಎಂದರು.

"ಬದುಕಿದ್ದವನ ಹೆಸರು ಅಳಿಸಿದ್ದು ನಡೀತದೇನ್ರಿ ನಿಮಗ?" ಎಂದು ಕೂಗಿಬಿಟ್ಟೆ. ಜೀವನದಲ್ಲಿ ಯಾವ ಅಧ್ಯಕ್ಷರ ಮೇಲೂ ಕೂಗಿದವನಲ್ಲ ನಾನು. ಅದೇ ಸಿಟ್ಟಿನಲ್ಲಿ ಮೈಕಿನ ಮುಂದೆ ಹೋಗಿ, ಸುಳ್ಳು ಓದಿದ್ದು ನಾನು ಎಂದೆ, ಯಾಕೆ ಓದಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಆಮೇಲೆ ಓದಿದೆ: "ಹುಮನಾಬಾದದ ಕ್ಯಾಪ್ಟನ್ ಆರಿಸಿದ ಉತ್ತಮ ಆಟಗಾರ, ಮಾರುತಿ, ಕೊಹಿನೂರ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರುತಿ ಮುಂದಿನ ಸಾಲಿನಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದ. ಎದ್ದು ನಿಂತ.

"ಕೇಳಸಲಿಲ್ರಿ ಮಾಸ್ತರ," ಎಂದ. "ಇನ್ನೊಮ್ಮೆ ಓದ್ರಿ."